ಒಬ್ಬರದಲ್ಲದ ಹಕ್ಕು

ಶಹಾಪುರ ತಾಲ್ಲೂಕಿನ ಶಿರವಾಳವನ್ನು ಹೊರಗಿನವರು ಬಲ್ಲುದು ಅಲ್ಲಿಯ ಪ್ರಾಚೀನ ಶಿಲಾದೇವಾಲಯಗಳ ಮೂಲಕ. ಆದರೆ ಆ ಊರಿನಿಂದ ಹಿಡಿದು ಸುರಪುರದ ಗುಡ್ಡಗಳವರೆಗೆ, ಭೀಮೆಗೂ ಕೃಷ್ಣೆಗೂ ನಡುವೆ ಹಬ್ಬಿದ ಈ ಎರೆನೆಲದಲ್ಲಿ ತಲೆಮಾರುಗಳಿಂದ ಬಾಳಿಕೊಂಡು ಬಂದಿರುವ ಜನರನ್ನು ನಮ್ಮ ಕಾನೂನು ಯಾವ ರೂಪದಲ್ಲಿ ಕಾಣುತ್ತದೆಂಬ ಪ್ರಶ್ನೆಯು ಆ ಶಿಲೆಗಳ ಚರಿತ್ರೆಗಿಂತ ಕಡಮೆ ಕುತೂಹಲದ್ದೇನೂ ಅಲ್ಲ. 2011ರ ಜನಗಣತಿಯ ಪ್ರಕಾರ ಯಾದಗಿರಿ ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಪಂಗಡದವರ ಪಾಲು ಶೇಕಡಾ 12ನ್ನು ಮೀರುತ್ತದೆ; ಇಡೀ ರಾಜ್ಯದಲ್ಲಿ ಅದು ಶೇಕಡಾ 7ನ್ನು ಮುಟ್ಟುವುದಿಲ್ಲ. ಇಲ್ಲಿಯ ದಿನಬಳಕೆಯ ಮಾತಿನಲ್ಲಿ ‘ಎಸ್‌ಟಿ’ ಎಂಬುದು ನಾಡಕಚೇರಿಯಲ್ಲಿ ಅರ್ಜಿ ಹಾಕಿ, ಶಾಲೆಯ ಟಿಸಿಯನ್ನೂ ವಂಶವೃಕ್ಷವನ್ನೂ ಲಗತ್ತಿಸಿ, ತಹಶೀಲ್ದಾರರ ಸಹಿಯೊಡನೆ ಪಡೆಯತಕ್ಕ ಒಂದು ಹಾಳೆ. ಆ ಹಾಳೆಯ ಮೇಲಿನ ಆರ್‌ಡಿ ಸಂಖ್ಯೆಯನ್ನು ಕಾಲೇಜಿನ ಪ್ರವೇಶಕ್ಕೂ, ವಿದ್ಯಾರ್ಥಿವೇತನಕ್ಕೂ, ನೌಕರಿಯ ಅರ್ಜಿಗೂ ತುಂಬಬೇಕಾಗುವುದರಿಂದ ಓದುವ ಹುಡುಗರಿಗೆ ಅದು ಬಾಯಿಪಾಠವಾಗಿರುತ್ತದೆ.

ಆ ಹಾಳೆಯನ್ನು ಹಗುರವಾಗಿ ಕಾಣುವುದು ಅನ್ಯಾಯ. ಅದರ ಬಲದಿಂದ ಶಾಲೆಯ ಹೊಸ್ತಿಲನ್ನೇ ತುಳಿಯದಿದ್ದ ಮನೆಗಳಿಂದ ಶಿಕ್ಷಕರೂ, ಎಂಜಿನಿಯರರೂ, ಶಾಸಕರೂ ಹೊರಟುಬಂದಿದ್ದಾರೆ. ಆದರೆ ಅದು ಹೇಳುವುದಿಷ್ಟೇ: ಈ ಹೆಸರಿನ, ಇಂಥವರ ಮಗನಾದ ವ್ಯಕ್ತಿಯು ಇಂಥ ಪಂಗಡಕ್ಕೆ ಸೇರಿದವನು. ಆ ಪಂಗಡವು ಒಟ್ಟಾಗಿ ಏನನ್ನು ಹೊಂದಿದೆ, ಯಾವ ಗುಡ್ಡ ಅದರದು, ಯಾವ ಹುಲ್ಲುಗಾವಲು ಅದರದು, ತನ್ನ ನೆಲದ ವಿಷಯವಾಗಿ ನಿರ್ಣಯವಾಗುವಾಗ ಅದರ ಅಭಿಪ್ರಾಯವನ್ನು ಯಾರು ಕೇಳತಕ್ಕದ್ದು, ಈ ಯಾವ ಪ್ರಶ್ನೆಗೂ ಆ ಹಾಳೆಯಲ್ಲಿ ಸ್ಥಳವಿಲ್ಲ. ಮನುಷ್ಯನಿಗೆ ಮನುಷ್ಯನೆಂಬ ಕಾರಣದಿಂದಲೇ ಸಲ್ಲತಕ್ಕ ಹಕ್ಕುಗಳನ್ನು ಆದಿವಾಸಿ ಜನರಿಗೂ ತಲುಪಿಸಬೇಕೆಂಬುದರಲ್ಲಿ ಇಂದು ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಕಷ್ಟವಿರುವುದು, ಅವರು ಬಿಡಿಬಿಡಿಯಾಗಿ ಹೊಂದಿರದೆ ಕೂಡಿ ಹೊಂದಿರುವುದನ್ನು ಆ ಹಕ್ಕುಗಳ ಚೌಕಟ್ಟಿನೊಳಗೆ ತರುವುದು ಹೇಗೆಂಬಲ್ಲಿ.

ಸುರಪುರದ ಬೇಡ ನಾಯಕರ ಕಥೆಯನ್ನು ಇಲ್ಲಿ ಸ್ವಲ್ಪ ನೆನೆಯಬೇಕು. 1705ರಲ್ಲಿ ವೃದ್ಧನಾದ ಔರಂಗಜೇಬನು ಸ್ವತಃ ಬಂದು ವಾಗಿನಗೇರಿಯ ಕೋಟೆಯನ್ನು ಮುತ್ತಿದಾಗ, ಪಿಡ್ಡ ನಾಯಕನೂ ಅವನ ಬೇಡಪಡೆಯೂ ತಿಂಗಳುಗಳ ಕಾಲ ಮೊಗಲ್ ಸೈನ್ಯವನ್ನು ತಡೆದು ನಿಲ್ಲಿಸಿದರು. ಆ ಬಾದಶಹನು ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು. 136 ವರ್ಷಗಳ ಮೇಲೆ, 1841ರಲ್ಲಿ, ಮೆಡೋಸ್ ಟೇಲರನು ಸುರಪುರಕ್ಕೆ ಬಂದು 1853ರವರೆಗೆ ಬಾಲರಾಜನ ಪರವಾಗಿ ಸಂಸ್ಥಾನದ ಆಡಳಿತವನ್ನು ನೋಡಿಕೊಂಡನು. ‘ಮಹಾದೇವ ಬಾಬಾ’ ಎಂದು ಜನರಿಂದ ಕರೆಸಿಕೊಂಡ ಈ ಆಂಗ್ಲ ಅಧಿಕಾರಿಯ ಆತ್ಮಕಥನವನ್ನು ಓದಿದವರಿಗೆ, ಅವನು ಮಾತನಾಡಿಸಬೇಕಾಗಿದ್ದುದು ಅರಮನೆಯೊಂದನ್ನೇ ಅಲ್ಲವೆಂಬುದು ತಿಳಿಯುತ್ತದೆ. ಆಯುಧವನ್ನು ಹಿಡಿದು ಗುಂಪಾಗಿ ಕೂಡುತ್ತಿದ್ದ ಬೇಡರ ಸಮ್ಮತಿಯೂ ಅವನಿಗೆ ಬೇಕಾಗುತ್ತಿತ್ತು. 1858ರ ಫೆಬ್ರವರಿಯಲ್ಲಿ ರಾಜಾ ವೆಂಕಟಪ್ಪ ನಾಯಕನು ಬ್ರಿಟಿಷರ ಮೇಲೆ ಎದ್ದು, ಸೋತು, ಹೈದರಾಬಾದಿನಲ್ಲಿ ಸೆರೆಸಿಕ್ಕಿ, ಚೆಂಗಲ್ಪಟ್ಟಿಗೆ ಸಾಗಿಸುವ ದಾರಿಯಲ್ಲಿ ಗುಂಡಿಗೆ ಬಲಿಯಾದ ಮೇಲೆ, 1860ರಲ್ಲಿ ಸಂಸ್ಥಾನವನ್ನು ನಿಜಾಮನಿಗೆ ಬಹುಮಾನವಾಗಿ ಕೊಡಲಾಯಿತು. ಸೀಮೆಯೊಂದು ಹೀಗೆ ಕೈಬದಲಾದಾಗ ಅಲ್ಲಿಯ ಜನರನ್ನು ಯಾರೂ ಕೇಳಲಿಲ್ಲವೆಂಬುದನ್ನು ಹೇಳುವ ಅವಶ್ಯಕತೆಯೇ ಇಲ್ಲ.

ಆ ಜನರು ಮತ್ತೆ ಕಾನೂನಿನ ಪುಟದಲ್ಲಿ ಕಾಣಿಸಿಕೊಂಡದ್ದು ಪಟ್ಟಿಯ ರೂಪದಲ್ಲಿ. ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿದ್ದ ‘ನಾಯಕ’ ಎಂಬ ನಮೂದಿಗೆ 1991ರಲ್ಲಿ ನಾಯಕ್, ಬೇಡ, ಬೇಡರ್, ವಾಲ್ಮೀಕಿ ಎಂಬ ಹೆಸರುಗಳನ್ನು ಸಂಸತ್ತು ಸೇರಿಸಿತು. 2020ರಲ್ಲಿ ಪರಿವಾರ, ತಳವಾರ ಎಂಬ ಹೆಸರುಗಳೂ ಸೇರಿದವು. ಈ ಕೊನೆಯ ಹೆಸರಿನಿಂದ ನಮ್ಮ ಸೀಮೆಯಲ್ಲಿ ಎದ್ದ ವಿವಾದ ಇನ್ನೂ ಆರಿಲ್ಲ. ತಳವಾರಿಕೆ ಎಂಬುದು ಒಂದು ಕಾಲದಲ್ಲಿ ಊರ ಕಾವಲಿನ ಉದ್ಯೋಗವಾಗಿದ್ದು, ಬೇರೆ ಬೇರೆ ಸಮುದಾಯಗಳ ಮನೆತನಗಳು ಅದನ್ನು ನಡೆಸುತ್ತಿದ್ದುವು. ಹೀಗಾಗಿ ಪಟ್ಟಿಯ ‘ತಳವಾರ’ ಯಾರು, ಉದ್ಯೋಗದ ತಳವಾರ ಯಾರು ಎಂಬುದನ್ನು ತಾಲ್ಲೂಕು ಕಚೇರಿಯ ಮೇಜಿನ ಮೇಲೆ ನಿರ್ಣಯಿಸಬೇಕಾಗಿ ಬಂದಿದೆ. ಲಂಬಾಣಿಗಳ ವಿಷಯವು ಇದಕ್ಕಿಂತಲೂ ವಿಚಿತ್ರವಾದುದು. ಯಾದಗಿರಿಯ ತಾಂಡಾದಲ್ಲಿರುವ ಲಂಬಾಣಿಯು ಪರಿಶಿಷ್ಟ ಜಾತಿಗೆ ಸೇರಿದವನು. ನೆರೆಯ ತೆಲಂಗಾಣದಲ್ಲಿ ವಾಸಿಸುವ ಅವನ ಸೋದರಮಾವನು ಪರಿಶಿಷ್ಟ ಪಂಗಡದವನು. ಮಾತು ಒಂದೇ, ಹಬ್ಬ ಒಂದೇ, ತಾಂಡಾದ ನಾಯಕ ಕಾರಭಾರಿಗಳ ವ್ಯವಸ್ಥೆ ಒಂದೇ. ಗಡಿಯಲ್ಲಿ ಬದಲಾಗುವುದು ಪಟ್ಟಿ ಮಾತ್ರ.

ಪಟ್ಟಿಯ ಕಾನೂನು ಹೀಗಾದರೆ ಮಾನವ ಹಕ್ಕುಗಳ ಕಾನೂನು ಏನು ಮಾಡಿತು? 1993ರ ಮಾನವ ಹಕ್ಕುಗಳ ಸಂರಕ್ಷಣಾ ಅಧಿನಿಯಮದಲ್ಲಿ ಈ ಹಕ್ಕುಗಳಿಗೆ ಕೊಟ್ಟಿರುವ ಲಕ್ಷಣವನ್ನು ಓದಿ ನೋಡಬೇಕು: ಜೀವ, ಸ್ವಾತಂತ್ರ್ಯ, ಸಮಾನತೆ ಮತ್ತು ವ್ಯಕ್ತಿಯ ಘನತೆಗೆ ಸಂಬಂಧಪಟ್ಟು, ಸಂವಿಧಾನದಿಂದ ಅಥವಾ ಅಂತಾರಾಷ್ಟ್ರೀಯ ಒಡಂಬಡಿಕೆಗಳಿಂದ ಲಭಿಸಿರುವ ಹಕ್ಕುಗಳು ಎಂದು ಅದರ ತಾತ್ಪರ್ಯ. ಅಧಿನಿಯಮದ ದೃಷ್ಟಿಯು ವ್ಯಕ್ತಿಯ ಮೇಲೆ ನಟ್ಟಿದೆ. ಈ ದೃಷ್ಟಿಯ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸುವ ಪ್ರಕರಣವೊಂದು ಕರ್ನಾಟಕದಲ್ಲಿಯೇ ನಡೆದುಹೋಗಿದೆ.

ವೀರಪ್ಪನ್ ಎಂಬ ದಂತಚೋರನ ಬೇಟೆಗಾಗಿ ಕರ್ನಾಟಕ ಮತ್ತು ತಮಿಳುನಾಡು ಸರ್ಕಾರಗಳು ಕಳಿಸಿದ ವಿಶೇಷ ಕಾರ್ಯಪಡೆಗಳು ಚಾಮರಾಜನಗರದ ಕಡೆಯ ಬೆಟ್ಟಗಳಲ್ಲಿ ಬೀಡುಬಿಟ್ಟ ಕಾಲದಲ್ಲಿ, ಕಾಡಂಚಿನ ಹಳ್ಳಿಗಳ ಬಡಜನರೂ ಪೋಡುಗಳೆಂಬ ಕಾಡುವಸತಿಗಳ ಸೋಲಿಗ ಆದಿವಾಸಿಗಳೂ ಅನುಭವಿಸಿದುದನ್ನು ಕೇಳಿದವರಿಗೆ ಮೈ ಜುಮ್ಮೆನ್ನುತ್ತದೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ‘ವರ್ಕ್‌ಷಾಪ್’ ಎಂಬ ಹೆಸರು ಪಡೆದಿದ್ದ ವಿಚಾರಣಾಗೃಹದಲ್ಲಿ ವಿದ್ಯುತ್ತನ್ನು ಹಾಯಿಸಿ ಹಿಂಸಿಸಿದರೆಂಬುದು ಬದುಕಿ ಬಂದವರ ಸಾಕ್ಷ್ಯ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1999ರಲ್ಲಿ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಮತ್ತು ಸಿ.ವಿ. ನರಸಿಂಹನ್ ಅವರ ಸಮಿತಿಯನ್ನು ನೇಮಿಸಿತು. ಸಮಿತಿಯು ಹಳ್ಳಿಗರ ಸಾಕ್ಷ್ಯಗಳನ್ನು ಪಡೆದು ವರದಿಯನ್ನೊಪ್ಪಿಸಿತು. 2007ರ ಜನವರಿಯಲ್ಲಿ 89 ಮಂದಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿಗಳ ಪರಿಹಾರವನ್ನು ಕೊಡತಕ್ಕದ್ದೆಂದು ಆಯೋಗವು ಎರಡೂ ಸರ್ಕಾರಗಳಿಗೆ ಸೂಚಿಸಿತು. ಹಣದ ಮೊತ್ತವು ಸಾಲದೆನ್ನಬಹುದು. ಹಿಂಸಿಸಿದವರಿಗೆ ಶಿಕ್ಷೆಯಾಗದುದನ್ನು ಖಂಡಿಸಬಹುದು, ಖಂಡಿಸಲೂ ಬೇಕು. ಆದರೂ ರಾಜ್ಯದ ಶಸ್ತ್ರದೆದುರಿಗೆ ಅನಾಥನಾಗಿ ನಿಂತ ಬಡವನೊಬ್ಬನ ದೇಹದ ಮೇಲಾದ ಗಾಯವನ್ನು ರಾಜ್ಯದ್ದೇ ಆದ ಒಂದು ಸಂಸ್ಥೆಯು ಗುರುತಿಸಿ, ಅವನ ಹೆಸರನ್ನು ಬರೆದು, ಅವನಿಗೆ ಸಲ್ಲಬೇಕಾದುದು ಇಷ್ಟೆಂದು ಹೇಳಿತಲ್ಲ, ವ್ಯಕ್ತಿಯ ಹಕ್ಕೆಂಬ ಕಲ್ಪನೆಯಿಲ್ಲದೆ ಅಷ್ಟೂ ಸಾಧ್ಯವಾಗುತ್ತಿರಲಿಲ್ಲ.

ಅದೇ ಕಾಲದಲ್ಲಿ ಅದೇ ಸೋಲಿಗರಿಗೆ ಮತ್ತೊಂದು ಬಗೆಯ ನಷ್ಟವೂ ಆಗುತ್ತಿದ್ದಿತು. ಅದನ್ನು ಯಾರ ಹೆಸರಿನ ಮುಂದೆಯೂ ಬರೆಯುವಂತಿರಲಿಲ್ಲ. ಬಿಳಿಗಿರಿರಂಗನ ಬೆಟ್ಟಗಳು 1974ರಲ್ಲಿ ಅಭಯಾರಣ್ಯವಾದಂದಿನಿಂದ ಅವರ ಬೇಟೆ ನಿಂತಿತು. ಕುಮರಿ ಬೇಸಾಯ ನಿಂತಿತು. ಒಣಗಿದ ತರಗಿಗೆ ಋತುವನ್ನರಿತು ಹಚ್ಚುತ್ತಿದ್ದ ‘ತರಗು ಬೆಂಕಿ’ ನಿಂತಿತು. 2006ರಲ್ಲಿ ಜೇನು, ನೆಲ್ಲಿ, ಪಾಚಿಗಳನ್ನು ಸಂಗ್ರಹಿಸಿ ಮಾರುವುದಕ್ಕೂ ತಡೆ ಬಂದಿತು. ಬೆಂಕಿ ನಿಂತ ಮೇಲೆ ಲಂಟಾನದ ಪೊದೆಯು ಕಾಡಿನ ನೆಲವನ್ನೆಲ್ಲ ನುಂಗಿತೆಂದು ಸೋಲಿಗರು ಬಹುಕಾಲದಿಂದ ಹೇಳುತ್ತಿದ್ದುದನ್ನು ಈಚೆಗೆ ಕೆಲವು ವಿಜ್ಞಾನಿಗಳೂ ಗಂಭೀರವಾಗಿ ಪರಿಗಣಿಸತೊಡಗಿದ್ದಾರೆ.

ಸೋಲಿಗರ ಭೂಮಿಯ ಕಲ್ಪನೆ ಎಂತಹುದೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕಾಡು ಅವರಿಗೆ ‘ಎಲ್ಲೆ’ಗಳಾಗಿ ವಿಭಾಗವಾಗಿದೆ; ಒಂದೊಂದು ಎಲ್ಲೆಯೂ ಒಂದೊಂದು ಕುಲದ ರಕ್ಷಣೆಯಲ್ಲಿರತಕ್ಕದ್ದು. ಅದರೊಳಗೆ ಆ ಕುಲದ ದೇವರು ಇರಬೇಕು, ಮಾರಮ್ಮ ಇರಬೇಕು, ವೀರು ಇರಬೇಕು, ನೀರು ಹರಿಯುವ ಅಬ್ಬಿ ಇರಬೇಕು, ಸತ್ತ ಹಿರಿಯರಿಗಾಗಿ ಕಲ್ಲನ್ನು ನಿಲ್ಲಿಸುವ ಕಲ್ಲುಗುಡಿ ಇರಬೇಕು. ದೊಡ್ಡ ಸಂಪಿಗೆಯೆಂಬ, ಭಾರ್ಗವಿ ಹೊಳೆಯ ದಡದ ಮಹಾವೃಕ್ಷವನ್ನು ನೋಡಿದವರು ಅದರ ಬುಡದಲ್ಲಿ ನೆಟ್ಟ ಕಲ್ಲುಗಳನ್ನೂ ನೋಡಿರುತ್ತಾರೆ. ಆ ಮರವು ಯಾರದೆಂದು ಒಬ್ಬ ಸರ್ವೇಯರನು ಕೇಳಿದರೆ ಏನೆಂದು ಉತ್ತರಿಸಬೇಕು? ಒಬ್ಬ ಸೋಲಿಗನು ಅದನ್ನು ತನ್ನದೆನ್ನಲಾರನು, ಮಾರಲಾರನು, ತನ್ನ ಪಾಲನ್ನು ಬೇರ್ಪಡಿಸಿಕೊಡಿರೆಂದು ಕೇಳಲಾರನು. ಆದರೆ ಅದು ಯಾರದೂ ಅಲ್ಲವೆಂದರೆ ಇಡೀ ಕುಲವು ಎದ್ದು ನಿಲ್ಲುತ್ತದೆ. 89 ಮಂದಿಗೆ ಪರಿಹಾರವನ್ನು ಲೆಕ್ಕಹಾಕಿದ ಕಾನೂನಿನ ಕೈಯಲ್ಲಿ ಇದನ್ನು ಅಳೆಯುವ ಕೋಲು ಇರಲಿಲ್ಲ.

ಆ ಕೋಲು ದೊರೆತದ್ದು 2006ರ ಅರಣ್ಯ ಹಕ್ಕುಗಳ ಮಾನ್ಯತಾ ಅಧಿನಿಯಮದಲ್ಲಿ. ಆದಿವಾಸಿಗಳಿಗೆ ಚಾರಿತ್ರಿಕ ಅನ್ಯಾಯವಾಗಿದೆಯೆಂದು ತನ್ನ ಪೀಠಿಕೆಯಲ್ಲಿಯೇ ಒಪ್ಪಿಕೊಂಡ ಈ ಶಾಸನವು ಎರಡು ಬಗೆಯ ಹಕ್ಕುಗಳನ್ನು ಜೊತೆಜೊತೆಯಾಗಿ ಇಟ್ಟಿತು: ಸಾಗುವಳಿಯ ನೆಲಕ್ಕೆ, 4 ಹೆಕ್ಟೇರುಗಳ ಮಿತಿಯೊಳಗೆ, ಕುಟುಂಬಕ್ಕೆ ಹಕ್ಕುಪತ್ರ, ಮೇವು, ಮೀನು, ಜೇನು, ದೇವರ ತಾಣಗಳಿಗೂ ಒಟ್ಟು ಕಾಡಿನ ರಕ್ಷಣೆಗೂ ಸಮುದಾಯಕ್ಕೆ ಹಕ್ಕುಪತ್ರ. ಈ ಹಕ್ಕುಗಳನ್ನು ನಿರ್ಣಯಿಸುವ ಕಾರ್ಯವನ್ನು ಅರಣ್ಯ ಇಲಾಖೆಗೆ ಕೊಡದೆ ಗ್ರಾಮಸಭೆಯಿಂದ ಆರಂಭಿಸಿತೆಂಬುದು ಅದಕ್ಕಿಂತ ಮುಖ್ಯವಾದ ಸಂಗತಿ. ಸೋಲಿಗರ ಸಂಘವೂ ಸಂಶೋಧಕರೂ ಕೂಡಿ, ಹಿರಿಯರನ್ನು ಮುಂದಿಟ್ಟುಕೊಂಡು ಕಾಡೆಲ್ಲ ನಡೆದು, ಸುಮಾರು 500 ಪವಿತ್ರ ತಾಣಗಳನ್ನು ನಕ್ಷೆಯ ಮೇಲೆ ಗುರುತಿಸಿದರು. 2011ರ ಜನವರಿಯಲ್ಲಿ ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರಗಳು ದೊರೆತುವು. ಹುಲಿಯ ರಕ್ಷಿತಾರಣ್ಯದೊಳಗೆ ಸಮುದಾಯಕ್ಕೆ ಹಕ್ಕನ್ನು ಮಾನ್ಯಮಾಡಿದುದು ದೇಶದಲ್ಲಿ ಅದೇ ಮೊದಲು.

ಹಕ್ಕುಪತ್ರವು ಬಂದೊಡನೆ ಎಲ್ಲವೂ ಸರಿಹೋಯಿತೆಂದು ಯಾರೂ ಭಾವಿಸಬಾರದು. ನಾಗರಹೊಳೆಯಲ್ಲಿ ಜೇನುಕುರುಬರ ಅನುಭವ ಬೇರೆಯೇ ಆಗಿದೆ. 1997ರಲ್ಲಿ ಅಲ್ಲಿಯ ಬುಡಕಟ್ಟು ಜನರ ಹಕ್ಕು ಸ್ಥಾಪನಾ ಸಮಿತಿಯು ಉಚ್ಚ ನ್ಯಾಯಾಲಯಕ್ಕೆ ಹೋಗಿ, ಕಾಡಿನೊಳಗೆ ಏಳುತ್ತಿದ್ದ ಪಂಚತಾರಾ ವಸತಿಗೃಹವನ್ನು ನಿಲ್ಲಿಸಿತು. ಗೆದ್ದವರು ಆದಿವಾಸಿಗಳು, ಗೆಲ್ಲಿಸಿದ ಕಾರಣ ಮಾತ್ರ ಅರಣ್ಯ ಮತ್ತು ವನ್ಯಜೀವಿ ಶಾಸನಗಳ ಉಲ್ಲಂಘನೆ. ಅದೇ ಶಾಸನಗಳು ಮರುದಿನ ಅವರನ್ನೇ ಹೊರಗೆ ಕಳಿಸಬಲ್ಲವಾಗಿದ್ದುವು. 2025ರ ಮೇ ತಿಂಗಳಲ್ಲಿ ಕರಡಿಕಲ್ಲು ಅತ್ತೂರುಕೊಲ್ಲಿಯಲ್ಲಿ ಕೆಲವು ಜೇನುಕುರುಬ ಕುಟುಂಬಗಳು, ತಮ್ಮ ಹಿರಿಯರನ್ನು ದಶಕಗಳ ಹಿಂದೆ ಎಬ್ಬಿಸಿದ ಹಾಡಿಗೆ ಮರಳಿ ಬಂದು ಗುಡಿಸಲು ಹಾಕಿದುದರ ಹಿನ್ನೆಲೆಯಲ್ಲಿ ಅರಣ್ಯ ಹಕ್ಕಿಗಾಗಿ ಸಲ್ಲಿಸಿ ಇತ್ಯರ್ಥವಾಗದೆ ಉಳಿದ ಅರ್ಜಿಗಳ ಕಥೆಯಿದೆ.

ಇನ್ನು ಹೊರಜಗತ್ತಿನ ಮಾತು. 1948ರ ಡಿಸೆಂಬರ್ 10ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯು, ಭಾರತದ ಪ್ರತಿನಿಧಿ ಹನ್ಸಾ ಮೆಹ್ತಾ ಅವರ ಒತ್ತಾಯದಿಂದ ‘ಪುರುಷರೆಲ್ಲರೂ’ ಎಂದಿದ್ದುದನ್ನು ‘ಮಾನವಜೀವಿಗಳೆಲ್ಲರೂ’ ಎಂದು ತಿದ್ದಿಕೊಂಡ ಆ ಮಹಾಲೇಖವು, ಒಬ್ಬೊಂಟಿಯಾಗಿಯೂ ಇತರರೊಡಗೂಡಿಯೂ ಆಸ್ತಿಯನ್ನು ಹೊಂದುವ ಹಕ್ಕನ್ನು 17ನೆಯ ಅನುಚ್ಛೇದದಲ್ಲಿ ಹೇಳಿತಾದರೂ, ಜನಾಂಗಗಳ ಹಕ್ಕೆಂಬುದರ ತಂಟೆಗೆ ಹೋಗಲಿಲ್ಲ. 1957ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಆದಿವಾಸಿಗಳಿಗೆ ಸಂಬಂಧಿಸಿದ 107ನೆಯ ಒಪ್ಪಂದವನ್ನು ಮಾಡಿತು. ಭಾರತವು ಮರುವರ್ಷವೇ ಅದಕ್ಕೆ ಒಪ್ಪಿಗೆಯಿತ್ತಿತು. ಆದಿವಾಸಿಗಳು ಕಾಲಕ್ರಮದಲ್ಲಿ ಮಿಕ್ಕ ಸಮಾಜದಲ್ಲಿ ಕರಗಿಹೋಗುವರೆಂಬ ನಂಬಿಕೆ ಆ ಒಪ್ಪಂದದ ಬೆನ್ನೆಲುಬಾಗಿದ್ದಿತು. ಆ ನಂಬಿಕೆಯನ್ನು ಕೈಬಿಟ್ಟು 1989ರಲ್ಲಿ ರಚಿತವಾದ 169ನೆಯ ಒಪ್ಪಂದಕ್ಕೆ ಭಾರತವು ಈವರೆಗೂ ಸಹಿ ಹಾಕಿಲ್ಲ. 2007ರ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆಯ ಮಹಾಸಭೆಯು ಆದಿವಾಸಿ ಜನಾಂಗಗಳ ಹಕ್ಕುಗಳ ಘೋಷಣೆಯನ್ನು 144 ಮತಗಳಿಂದ ಅಂಗೀಕರಿಸಿದಾಗ ಭಾರತವು ಪರವಾಗಿಯೇ ಮತವಿತ್ತಿತು. ಆದರೆ ನಮ್ಮ ಪ್ರಜೆಗಳೆಲ್ಲರೂ ಈ ನೆಲದ ಮೂಲನಿವಾಸಿಗಳೇ ಎಂಬುದು ನಮ್ಮ ಸರ್ಕಾರದ ನಿಲುವು. ಎಲ್ಲರೂ ಮೂಲನಿವಾಸಿಗಳಾದ ಮೇಲೆ ಘೋಷಣೆಯು ವಿಶೇಷವಾಗಿ ಯಾರಿಗೆ ಅನ್ವಯಿಸಬೇಕೆಂದು ಕೇಳಲು ಅವಕಾಶವೇ ಉಳಿಯುವುದಿಲ್ಲ. ಈ ಜಾಣತನವನ್ನು ಮೆಚ್ಚುವುದು ನನ್ನಿಂದಾಗದು.

ನ್ಯಾಯಾಲಯಗಳು ಕೆಲವೊಮ್ಮೆ ಸರ್ಕಾರಗಳಿಗಿಂತ ಧೈರ್ಯಶಾಲಿಗಳಾಗಿವೆ. ನಿಕರಾಗುವಾ ದೇಶದ ಅವಾಸ್ ತಿಂಗ್ನಿ ಎಂಬ ಕಾಡುಹಳ್ಳಿಯು, ತನ್ನನ್ನು ಕೇಳದೆ ಮರ ಕಡಿಯಲು ಕಂಪೆನಿಗೆ ಪರವಾನಗಿ ಕೊಟ್ಟರೆಂದು ದೂರಿದಾಗ, ಅಮೆರಿಕ ಖಂಡಗಳ ಮಾನವ ಹಕ್ಕುಗಳ ನ್ಯಾಯಾಲಯವು 2001ರಲ್ಲಿ, ಆಸ್ತಿಯ ಹಕ್ಕೆಂದರೆ ಸಮುದಾಯವು ಕೂಡಿ ಹೊಂದಿದ ನೆಲದ ಹಕ್ಕೂ ಹೌದೆಂದು ತೀರ್ಪಿತ್ತಿತು. ನಮ್ಮಲ್ಲಿಯೂ 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಡಿಶಾದ ನಿಯಮಗಿರಿಯಲ್ಲಿ ಬಾಕ್ಸೈಟ್ ಗಣಿಗೆ ಒಪ್ಪಿಗೆಯುಂಟೆ ಎಂಬುದನ್ನು ಗ್ರಾಮಸಭೆಗಳನ್ನೇ ಕೇಳಿರೆಂದಿತು. ಸೇರಿದ 12 ಗ್ರಾಮಸಭೆಗಳೂ ಇಲ್ಲವೆಂದುವು.

ನಮ್ಮ ಸಂವಿಧಾನಕ್ಕೆ ಸಮಷ್ಟಿಯ ಹಕ್ಕು ಅಪರಿಚಿತವೆಂದು ಹೇಳುವಂತಿಲ್ಲ. ದೇಶದ ಯಾವ ಭಾಗದಲ್ಲಾದರೂ ನೆಲಸುವ ಪ್ರಜೆಯ ಸ್ವಾತಂತ್ರ್ಯವನ್ನು ಕೊಡುವ 19ನೆಯ ಅನುಚ್ಛೇದವೇ ತನ್ನ 5ನೆಯ ಖಂಡದಲ್ಲಿ, ಪರಿಶಿಷ್ಟ ಪಂಗಡಗಳ ಹಿತಕ್ಕಾಗಿ ಆ ಸ್ವಾತಂತ್ರ್ಯವನ್ನು ಮಿತಗೊಳಿಸಬಹುದೆನ್ನುತ್ತದೆ. ಕಲ್ಯಾಣ ಕರ್ನಾಟಕದವರಾದ ನಾವು 371ಜೆ ಅನುಚ್ಛೇದದ ಫಲವನ್ನು ಉಣ್ಣುತ್ತಿರುವವರು. ಒಂದು ಸೀಮೆಯು ಸೀಮೆಯಾಗಿಯೇ ಹಿಂದುಳಿದಿರಬಹುದೆಂಬುದನ್ನೂ ಅದಕ್ಕೆ ಸೀಮೆಯ ಹೆಸರಿನಲ್ಲಿಯೇ ಪರಿಹಾರ ಕೊಡಬೇಕೆಂಬುದನ್ನೂ ಒಪ್ಪಿಕೊಂಡಿದ್ದೇವೆ. ಕುಲವು ಕುಲವಾಗಿ ಹಕ್ಕನ್ನು ಹೊಂದಬಹುದೆಂಬುದನ್ನು ಒಪ್ಪಲು ಮಾತ್ರ ನಮಗೇಕೆ ಈ ಹಿಂಜರಿಕೆ?

ಚರಿತ್ರೆಯ ಒಂದು ಆಕಸ್ಮಿಕವೂ ಇದರಲ್ಲಿ ಸೇರಿಕೊಂಡಿದೆ. ಸುರಪುರವೂ ಇಂದಿನ ತೆಲಂಗಾಣದ ಆದಿಲಾಬಾದೂ ಒಂದೇ ನಿಜಾಮ ರಾಜ್ಯದ ಭಾಗಗಳಾಗಿದ್ದುವು. 1940ರಲ್ಲಿ, ನಿಜಾಮನ ಆಡಳಿತದ ವಿರುದ್ಧ ಬಂಡೆದ್ದ ಗೊಂಡರ ನಾಯಕ ಕೊಮರಂ ಭೀಮನು ಜೋಡೆಘಾಟಿನಲ್ಲಿ ಸತ್ತ ಮೇಲೆ ನಿಜಾಮ ಸರ್ಕಾರವು ಎಚ್ಚೆತ್ತು, ಹೈಮೆನ್‌ಡಾರ್ಫ್ ಎಂಬ ಜನಾಂಗಶಾಸ್ತ್ರಜ್ಞನ ಸಲಹೆಯಂತೆ ಅಲ್ಲಿಯ ಗುಡ್ಡಗಾಡುಗಳಿಗೆ ಪ್ರತ್ಯೇಕ ವ್ಯವಸ್ಥೆಯನ್ನು ಮಾಡಿತು. 1950ರಲ್ಲಿ ಆದಿಲಾಬಾದ್, ವಾರಂಗಲ್, ಮಹಬೂಬ್‌ನಗರ ಜಿಲ್ಲೆಗಳ ಕೆಲವು ಭಾಗಗಳು ಸಂವಿಧಾನದ ಐದನೆಯ ಅನುಸೂಚಿಯ ಪ್ರದೇಶಗಳಾದುವು. ಅಲ್ಲಿ ಆದಿವಾಸಿಯ ನೆಲವು ಅನ್ಯರ ಕೈಗೆ ಹೋಗದಂತೆ ಕಟ್ಟುಂಟು. 1996ರ ‘ಪೆಸಾ’ ಶಾಸನದ ಮೂಲಕ ಗ್ರಾಮಸಭೆಗೆ ವಿಶೇಷಾಧಿಕಾರವೂ ಉಂಟು. ಕರ್ನಾಟಕದಲ್ಲಿ 50 ಪಂಗಡಗಳ ಪಟ್ಟಿಯಿದ್ದರೂ ಐದನೆಯ ಅನುಸೂಚಿಯ ಪ್ರದೇಶವು ಒಂದು ಅಂಗುಲವೂ ಇಲ್ಲ. ಪರಿಶಿಷ್ಟ ಜಾತಿ ಪಂಗಡಗಳವರಿಗೆ ಸರ್ಕಾರದಿಂದ ಮಂಜೂರಾದ ಜಮೀನಿನ ಪರಭಾರೆಯನ್ನು ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯೊಂದು ನಮ್ಮಲ್ಲಿದೆ. ಒಳ್ಳೆಯ ಕಾಯ್ದೆ, 2023ರಲ್ಲಿ ಕಾಲಮಿತಿಯ ತೊಡಕನ್ನೂ ತೆಗೆದು ಅದನ್ನು ಬಲಪಡಿಸಿದ್ದಾರೆ. ಆದರೆ ಅದು ಕಾಯುವುದು ಮಂಜೂರಾತಿ ಪಡೆದ ಒಬ್ಬೊಬ್ಬನ ಜಮೀನನ್ನು.

ಈ ಕೊರತೆಯ ಫಲವನ್ನು ಸುರಪುರದ ಬೇಡರ ದಾಯಾದಿಗಳಾದ ಚಿತ್ರದುರ್ಗದ ಮ್ಯಾಸಬೇಡರು ಕಂಡಿದ್ದಾರೆ. ‘ದೇವರ ಎತ್ತು’ಗಳೆಂದು ಬಿಟ್ಟ ಹಿಂಡುಗಳನ್ನು ಕಿಲಾರಿಗಳು ಮೇಯಿಸುತ್ತ ತಿರುಗುವುದು ಅವರ ಧರ್ಮವೂ ಹೌದು, ಬದುಕೂ ಹೌದು, ಕುಲದ ನ್ಯಾಯವು ತೀರ್ಮಾನವಾಗುವುದು ಕಟ್ಟೆಮನೆಗಳಲ್ಲಿ. ಆ ಸೀಮೆಯ ಚಳ್ಳಕೆರೆ ತಾಲ್ಲೂಕಿನಲ್ಲಿ, ಮೈಸೂರು ಅರಸರ ಕಾಲದಿಂದ ಅಮೃತಮಹಲ್ ಕಾವಲಾಗಿದ್ದ ಹುಲ್ಲುಗಾವಲಿನಲ್ಲಿ, 2009ರಿಂದೀಚೆಗೆ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೂ ಭಾರತೀಯ ವಿಜ್ಞಾನ ಸಂಸ್ಥೆಗೂ 8,000 ಎಕರೆಗೆ ಮಿಗಿಲಾದ ನೆಲವನ್ನು ಹಂಚಿಕೊಟ್ಟು ಗೋಡೆ ಕಟ್ಟಿದಾಗ, ಸುತ್ತಲಿನ ಹಳ್ಳಿಗರು ಹಸಿರು ನ್ಯಾಯಾಧಿಕರಣದವರೆಗೂ ಹೋದರು. ಆ ಸಂಸ್ಥೆಗಳ ಕಾರ್ಯವು ರಾಷ್ಟ್ರಕ್ಕೆ ಅವಶ್ಯಕವೆಂಬುದನ್ನು ಅಲ್ಲಗಳೆಯಬೇಕಾಗಿಲ್ಲ. ನೆಲವು ಯಾವನೊಬ್ಬನ ಖಾತೆಯಲ್ಲಿಯೂ ಇಲ್ಲದುದರಿಂದ ಭೂಸ್ವಾಧೀನದ ನೋಟೀಸನ್ನು ಕೊಡಬೇಕಾದ ಪ್ರಸಂಗವೇ ಬರಲಿಲ್ಲವೆಂಬುದನ್ನು ಗಮನಿಸಬೇಕು. ಒಂದೆಕರೆ ಹೊಲವಿದ್ದವನಿಗೆ ಪರಿಹಾರ ಕೇಳುವ ಹಕ್ಕಿರುತ್ತದೆ; ಸಾವಿರಾರು ಎಕರೆಗಳಲ್ಲಿ ತಲೆಮಾರುಗಳಿಂದ ದನ ಮೇಯಿಸಿದ ಊರಿಗೆ ತನ್ನ ಮಾತನ್ನು ಹೇಳಿಕೊಳ್ಳುವ ಹಕ್ಕು ಕೂಡ ಇರಲಿಲ್ಲ.

ಇಷ್ಟನ್ನು ಓದಿದವರು ಒಂದು ಆಕ್ಷೇಪವನ್ನೆತ್ತಬಹುದು. ಕುಲಕ್ಕೆ ಹಕ್ಕು ಕೊಟ್ಟರೆ ಕುಲದೊಳಗಿನ ಬಲಹೀನರ ಗತಿಯೇನು? ಈ ಆಕ್ಷೇಪವು ನ್ಯಾಯವಾದುದು. ಸಮಷ್ಟಿಯ ಹಕ್ಕಿನ ಪಕ್ಷಪಾತಿಗಳು ಇದನ್ನು ಸಾಮಾನ್ಯವಾಗಿ ಅವಸರದಿಂದ ದಾಟಿಹೋಗುತ್ತಾರೆ. ಸುರಪುರ ಶಹಾಪುರಗಳ ಮನೆಗಳಿಗೇ ಸಂಬಂಧಿಸಿದ, ಆದರೆ ಆ ಮನೆಗಳಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ, ಒಂದು ವಿಷಯವನ್ನು ನೋಡೋಣ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 2ನೆಯ ಕಲಮಿನ 2ನೆಯ ಉಪಕಲಮಿನಲ್ಲಿ, ಕೇಂದ್ರ ಸರ್ಕಾರವು ಅಧಿಸೂಚನೆ ಹೊರಡಿಸಿದ ಹೊರತು ಈ ಶಾಸನವು ಪರಿಶಿಷ್ಟ ಪಂಗಡದವರಿಗೆ ಅನ್ವಯಿಸತಕ್ಕದ್ದಲ್ಲ ಎಂದಿದೆ. ಆದಿವಾಸಿಗಳ ಸ್ವಂತ ಸಂಪ್ರದಾಯವನ್ನು ಗೌರವಿಸುವ ಸದುದ್ದೇಶದಿಂದಲೇ ಆ ಮಾತನ್ನು ಇಟ್ಟದ್ದು. 1991ರಲ್ಲಿ ಬೇಡರು ಪಂಗಡದ ಪಟ್ಟಿಗೆ ಸೇರಿ, ಗಂಡುಮಕ್ಕಳೂ ಹೆಣ್ಣುಮಕ್ಕಳೂ ಪ್ರಮಾಣಪತ್ರಕ್ಕೆ ಸಮನಾಗಿ ಅರ್ಹರಾದರು. ಅದೇ ಹೆಜ್ಜೆಯಲ್ಲಿ, ತಂದೆಯ ಆಸ್ತಿಯಲ್ಲಿ ಮಗಳ ಪಾಲನ್ನು ಹೇಳುವ ಶಾಸನದ ಅಕ್ಷರಾರ್ಥದಿಂದ ಹೆಣ್ಣುಮಕ್ಕಳು ಹೊರಗುಳಿದರು. ಆಚಾರದಲ್ಲಿ ಹಿಂದೂಗಳೇ ಆದ ಪಂಗಡಗಳಿಗೆ ಶಾಸನವು ಅನ್ವಯಿಸುತ್ತದೆಂಬ ತೀರ್ಪುಗಳೂ ಇವೆ. ಆದರೆ ಅದನ್ನು ಸ್ಥಾಪಿಸುವ ಭಾರವು ದಾವೆ ಹೂಡಿದ ಮಗಳ ತಲೆಯ ಮೇಲೆ ಬೀಳುತ್ತದೆ.

2022ರ ಡಿಸೆಂಬರಿನಲ್ಲಿ, ಕಮಲಾ ನೇತಿ ಎಂಬವರ ಪ್ರಕರಣದಲ್ಲಿ, ಸರ್ವೋಚ್ಚ ನ್ಯಾಯಾಲಯವು ಶಾಸನದ ಅಕ್ಷರಕ್ಕೆ ಕಟ್ಟುಬಿದ್ದು ಆದಿವಾಸಿ ಮಗಳಿಗೆ ಅದರ ಮೇರೆಗೆ ಪಾಲಿಲ್ಲವೆಂದಿತು. ಜೊತೆಯಲ್ಲಿಯೇ, ಈ ಅಸಮಾನತೆಯನ್ನು ತೆಗೆದುಹಾಕುವ ವಿಷಯವನ್ನು ಪರಿಶೀಲಿಸಬೇಕೆಂದು ಕೇಂದ್ರ ಸರ್ಕಾರಕ್ಕೆ ತಿಳಿಸಿತು. 2025ರ ಜುಲೈಯಲ್ಲಿ ಛತ್ತೀಸಗಢದ ಗೊಂಡ ಕುಟುಂಬವೊಂದರ ವ್ಯಾಜ್ಯದಲ್ಲಿ ಅದೇ ನ್ಯಾಯಾಲಯವು ಬೇರೆ ದಾರಿಯನ್ನು ಹಿಡಿದು, ಹೆಣ್ಣಿಗೆ ಪಾಲಿಲ್ಲವೆಂಬ ರೂಢಿಯನ್ನು ಯಾರೂ ರುಜುವಾತುಪಡಿಸದಿರುವಾಗ, ಸಮಾನತೆಯ ತತ್ತ್ವದ ಬಲದಿಂದಲೇ ಅವಳಿಗೆ ಪಾಲುಂಟೆಂದು ಹೇಳಿತು. ಈ ಎರಡನೆಯ ದಾರಿ ನನಗೆ ಹೆಚ್ಚು ವಿವೇಕದ್ದೆಂದು ತೋರುತ್ತದೆ. ಅದು ಕುಲದ ಸಂಪ್ರದಾಯವನ್ನು ಅಳಿಸಿಹಾಕಲಿಲ್ಲ. ಸಂಪ್ರದಾಯವೆಂದು ಹೇಳಿಕೊಳ್ಳುವವರು ಅದನ್ನು ತೋರಿಸಲಿ ಎಂದಿತು. ಕೆನಡಾದಲ್ಲಿ ಸಾಂಡ್ರಾ ಲವ್‌ಲೇಸ್ ಎಂಬ ಆದಿವಾಸಿ ಮಹಿಳೆಯು ಹೊರಗಿನವನನ್ನು ಮದುವೆಯಾದ ಕಾರಣಕ್ಕೆ ಕಾನೂನು ಅವಳನ್ನು ಕುಲದಿಂದಲೇ ಹೊರಗಿಟ್ಟಾಗ, 1981ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯು ಅವಳ ಪರವಾಗಿ ನಿಂತ ರೀತಿಯೂ ಗಮನಾರ್ಹವಾದುದು. ವಿವಾಹವು ಮುರಿದ ಮೇಲೆ ಅವಳು ಕೇಳಿದ್ದು ತನ್ನ ಜನರ ನಡುವೆ ಬಾಳುವ ಹಕ್ಕನ್ನು. ಸಮಿತಿಯು ವ್ಯಕ್ತಿಯ ಹಕ್ಕನ್ನೆತ್ತಿ ಹಿಡಿದುದು ಅವಳನ್ನು ಸಮುದಾಯಕ್ಕೆ ಮರಳಿಸುವುದಕ್ಕಾಗಿ.

ಹಳೆಯ ರೂಢಿಗಳೆಲ್ಲ ಪೂಜ್ಯವೆಂದು ನಾನು ವಾದಿಸುತ್ತಿಲ್ಲ. ಈ ಸೀಮೆಯ ಬೇಡರೇ ಮೊದಲಾದ ಹಲವು ಸಮುದಾಯಗಳಲ್ಲಿ, ಗಂಡುಸಂತಾನವಿಲ್ಲದ ಮನೆಯ ಮಗಳನ್ನು ಬಸವಿಯಾಗಿ ದೇವರಿಗೆ ಬಿಟ್ಟು, ಅವಳಿಗೆ ಮಗನಂತೆ ಆಸ್ತಿಯ ಪಾಲನ್ನು ಕೊಡುತ್ತಿದ್ದರೆಂದು ಹಳೆಯ ಜನಾಂಗವರ್ಣನೆಗಳು ದಾಖಲಿಸಿವೆ. ಪಾಲನ್ನು ಕೊಟ್ಟ ಕೈಯೇ ಅವಳ ಸಂಸಾರವನ್ನು ಕಿತ್ತುಕೊಂಡಿತು. 1982ರ ಕರ್ನಾಟಕ ದೇವದಾಸಿ ನಿಷೇಧ ಶಾಸನವು ಈ ಪದ್ಧತಿಯನ್ನು ನಿಲ್ಲಿಸಿದುದು ಸರಿಯೇ. ಅಂಥದ್ದನ್ನು ಯಾವ ಸಮಷ್ಟಿಯ ಹಕ್ಕೂ ಮುಚ್ಚಿಡಲಾರದು, ಮುಚ್ಚಿಡಲೂ ಕೂಡದು. ಮಗಳಿಗೆ ಬಸವಿಯಾಗದೆಯೇ ಪಾಲು ಸಿಕ್ಕಬೇಕೆಂಬ ಎರಡನೆಯ ಅರ್ಧವನ್ನು ಮಾತ್ರ, ಉತ್ತರಾಧಿಕಾರ ಅಧಿನಿಯಮದ 2ನೆಯ ಕಲಮಿನ ಆ ಮಾತು ಇರುವವರೆಗೆ, ಶಾಸನವು ಪೂರ್ಣಗೊಳಿಸಿದಂತಾಗುವುದಿಲ್ಲ. ಅರಣ್ಯ ಹಕ್ಕುಗಳ ಶಾಸನವು ಈ ವಿಷಯದಲ್ಲಿ ಹೆಚ್ಚು ಎಚ್ಚರ ವಹಿಸಿದೆ. ಅದರ ಮೇರೆಗೆ ಕುಟುಂಬದ ಹಕ್ಕುಪತ್ರದಲ್ಲಿ ಗಂಡಹೆಂಡಿರಿಬ್ಬರ ಹೆಸರೂ ಇರಬೇಕು. ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೆಯ ಒಂದು ಪಾಲಿಗೆ ಕಡಮೆಯಿಲ್ಲದಂತೆ ಹೆಂಗಸರಿರಬೇಕು. ಕಟ್ಟೆಯ ಮೇಲೆ ಗಂಡಸರೇ ಕುಳಿತು ತೀರ್ಮಾನಿಸುವ ರೂಢಿಗೆ ಇದು ಒಪ್ಪದ ಮಾತು. ಆದರೂ ಬಿಳಿಗಿರಿಯ ಗ್ರಾಮಸಭೆಗಳು ಇದೇ ನಿಯಮಗಳೊಳಗೆ ತಮ್ಮ ಹಕ್ಕನ್ನು ಪಡೆದುವು. ಅದರಿಂದ ಅವರ ಕುಲಗಳು ಕೆಟ್ಟುವೆಂದು ಹೇಳಿದವರನ್ನು ನಾನು ಕೇಳಿಲ್ಲ.

ನಮ್ಮ ಜಿಲ್ಲೆಗೆ ಹಿಂದಿರುಗೋಣ. 2023ರ ಜನವರಿ 19ರಂದು ಪ್ರಧಾನಮಂತ್ರಿಗಳು ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನಲ್ಲಿಯೂ ಅನಂತರ ಸೇಡಂ ತಾಲ್ಲೂಕಿನ ಮಳಖೇಡದಲ್ಲಿಯೂ ಸಭೆ ನಡೆಸಿ, ಮಳಖೇಡದಲ್ಲಿ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಮನೆಯ ಹಕ್ಕುಪತ್ರಗಳ ವಿತರಣೆಗೆ ಚಾಲನೆಯಿತ್ತರು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಈ ಐದು ಜಿಲ್ಲೆಗಳಲ್ಲಿ ಅದುವರೆಗೆ ಸರ್ಕಾರದ ಕಡತದಲ್ಲಿ ಊರೆಂದೇ ಗಣನೆಗೆ ಬಾರದಿದ್ದ ಸುಮಾರು 1,475 ತಾಂಡಾ ಮೊದಲಾದ ಜನವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಿದ್ದರ ಫಲ ಅದು. ತಲೆಮಾರುಗಳ ಕಾಲ ಇತರರ ನೆಲದ ಮೇಲೆ ಗುಡಿಸಲು ಹಾಕಿಕೊಂಡು ಯಾವಾಗ ಎಬ್ಬಿಸುತ್ತಾರೋ ಎಂದು ಇದ್ದವರಿಗೆ ಆ ಹಾಳೆಯ ಬೆಲೆ ಎಷ್ಟೆಂಬುದನ್ನು ಹೊರಗಿನವರು ಊಹಿಸಲಾರರು. ಆದರೆ ಹಕ್ಕುಪತ್ರವು ಸಲ್ಲುವುದು ಮನೆಗೂ ಅದರ ಸುತ್ತಿನ ಜಾಗಕ್ಕೂ. ತಾಂಡಾವೆಂದರೆ ಮನೆಗಳಷ್ಟೇ ಅಲ್ಲ: ಸೇವಾಲಾಲರ ಗುಡಿಯ ಅಂಗಳವಿದೆ, ಹೋಳಿಯಲ್ಲಿ ಹೆಂಗಸರು ಸುತ್ತುಗಟ್ಟಿ ಕುಣಿಯುವ ಬಯಲಿದೆ, ನಾಯಕನು ನ್ಯಾಯ ಹೇಳುವ ಜಾಗವಿದೆ, ಹೂಳುವ ನೆಲವಿದೆ, ದನ ಬಿಡುವ ಗಾಯರಾಣವಿದೆ. ಪಹಣಿಯ 9ನೆಯ ಅಂಕಣದಲ್ಲಿ, ಖಾತೆದಾರನ ಹೆಸರು ಬರೆಯಬೇಕಾದಲ್ಲಿ, ಇಂಥ ನೆಲಗಳಿಗೆ ಸಾಮಾನ್ಯವಾಗಿ ‘ಸರ್ಕಾರ’ ಎಂದಿರುತ್ತದೆ. ಇಲ್ಲವೆ ಯಾವನೋ ಹಳೆಯ ಪಟ್ಟೇದಾರನ ಹೆಸರಿರುತ್ತದೆ. ಹೊಸ ಕಂದಾಯ ಗ್ರಾಮಗಳ ನಕ್ಷೆಗಳನ್ನೂ ದಾಖಲೆಗಳನ್ನೂ ಕಟ್ಟುವ ಕಾರ್ಯದಲ್ಲಿ ಆ ಅಂಕಣದಲ್ಲಿ ತಾಂಡಾದ ಹೆಸರನ್ನೇ ಬರೆಯಿರೆಂದು ಗ್ರಾಮಸಭೆಯಲ್ಲಿ ಠರಾವು ಮಾಡಿ ತಹಶೀಲ್ದಾರರಿಗೆ ಕಳಿಸುವುದಕ್ಕೆ ಯಾವ ಅಂತಾರಾಷ್ಟ್ರೀಯ ಒಪ್ಪಂದದ ಸಹಿಯನ್ನೂ ಕಾಯಬೇಕಾಗಿಲ್ಲ.